ದೇಶಕ್ಕಿಂತ ಹಿರಿಯಳ ಫ್ಲೆಕ್ಸು

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ. ವಯಸ್ಸು ಇಪ್ಪತ್ತನಾಲ್ಕು. ಆದರೂ ಜೊತೆಯಲ್ಲಿ ಕೆಲಸ ಮಾಡುವವರು ನನ್ನನ್ನು ‘ಹಿರಿಯರು’ ಎಂದು ಕರೆಯುತ್ತಾರೆ. ಈ ಬಿರುದು ಬಂದದ್ದು ಸೇರಿದ ವರ್ಷವೇ, ನನ್ನ ಹುಟ್ಟುಹಬ್ಬದ ದಿನ. ಊಟದ ಬಿಡುವಿನಲ್ಲಿ ಕೇಕು ತಂದಿಟ್ಟು, ಮೇಣದ ಬತ್ತಿ ಹಚ್ಚಿ, ಊದು ಎಂದರು. ನಾನು ಊದಲಿಲ್ಲ. ಉರಿಯುವ ದೀಪವನ್ನು ಬಾಯಿಂದ ಆರಿಸಿ ಆಯುಷ್ಯ ಕೇಳುವುದು ನನಗೆ ಕಲಿಸದ ವಿದ್ಯೆ ಎಂದು ವಿನಯದಿಂದ ಅರಿಕೆ ಮಾಡಿಕೊಂಡೆ. ನನ್ನ ಅರಿಕೆ ಮುಗಿಯುವಷ್ಟರಲ್ಲಿ ಮೇಣ ಕರಗಿ ಕೇಕಿನ ಮೇಲೆ ಇಳಿಯತೊಡಗಿತು. ಸ್ಟೋರ್ಸ್ ವಿಭಾಗದವರೊಬ್ಬರು ಸಭೆಯ ಹಿತದೃಷ್ಟಿಯಿಂದ ತಾವೇ ಊದಿ ಆರಿಸಿದರು. ಆಮೇಲೆ ಮುಖಕ್ಕೆ ಕ್ರೀಮು ಬಳಿಯಲು ಬಂದವರಿಗೆ, ತಿನ್ನುವ ಪದಾರ್ಥದ ಸ್ಥಾನಮಾನದ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅಂದಿನಿಂದ ನಾನು ಹಿರಿಯರು. ಬೇಸರವಿಲ್ಲ. ನಮ್ಮ ಮನೆಯಲ್ಲಿ ನಿಜವಾದ ಹಿರಿಯಳೊಬ್ಬಳಿದ್ದಾಳೆ, ಆಕೆಯ ಎದುರು ನನ್ನ ಬಿರುದು ಎಷ್ಟರದು ಎಂಬ ಅಳತೆ ನನಗೆ ಗೊತ್ತಿದೆ.

ವಾರದ ದಿನಗಳಲ್ಲಿ ನಂಜನಗೂಡಿನಲ್ಲೇ ಗೆಳತಿಯರ ಜೊತೆ ಒಂದು ರೂಮಿನಲ್ಲಿರುತ್ತೇನೆ. ಶನಿವಾರ ಸಂಜೆ ನರಸೀಪುರದ ಮೇಲೆ ಹಾದು ನಮ್ಮೂರು ಹೆಮ್ಮಿಗೆಗೆ. ನಂಜನಗೂಡಿನ ಕಪಿಲೆ ಹೊಳೆ ಕೂಡ ಆ ನರಸೀಪುರಕ್ಕೇ ಹೋಗುವವಳು, ಆದರೆ ಅವಳಿಗೆ ಸೀಟು ಹಿಡಿಯುವ ತಾಪತ್ರಯವಿಲ್ಲ. ನಾನು ನಿಂತುಕೊಂಡೇ ಬಂದು ಮನೆ ಸೇರಿ ಚಪ್ಪಲಿ ಬಿಡುವ ಮೊದಲೇ ಜಗಲಿಯಿಂದ ಅಜ್ಜಿಯ ಪ್ರಶ್ನೆ ಬರುತ್ತದೆ.

“ಏನಮ್ಮಿ, ಲೋಕ ಎಂಗದೆ?”

ಇದು ಬರಿಯ ಕುಶಲಪ್ರಶ್ನೆಯಲ್ಲ. ಅಜ್ಜಿಗೆ ನಿಜವಾಗಿಯೂ ಲೋಕದ ವರದಿ ಬೇಕು. ಟಿವಿಯವರನ್ನು ಆಕೆ ನಂಬುವುದಿಲ್ಲ. “ದಿಟ ಯೋಳೋನು ಯಾಕ್ ಅಂಗ್ ಕೂಕ್ಕತಾನೆ?” ಎನ್ನುತ್ತಾಳೆ. ಆದ್ದರಿಂದ ನಾನು ವಾರವಿಡೀ ಫೋನಿನಲ್ಲಿ ಓದಿದ್ದನ್ನು ಮೆಲುದನಿಯಲ್ಲಿ ಒಪ್ಪಿಸಬೇಕು. ಯಾವ ಯುದ್ಧ ನಿಂತಿತು, ಯಾವುದು ಹೊಸದಾಗಿ ಹೊತ್ತಿಕೊಂಡಿತು, ಯಾವ ದೇಶದಲ್ಲಿ ಯಾರನ್ನು ಇಳಿಸಿ ಯಾರನ್ನು ಕೂರಿಸಿದರು. ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು ಎಂದು ನಾನು ವಿವರಿಸಿದ ದಿನ ಅಜ್ಜಿ ಬಹಳ ಹೊತ್ತು ಯೋಚಿಸಿದಳು.

“ನಮ್ ಗುಂಡ್ಲುಪೇಟೆ ತಾವೂ ಬೆಳೀತಾರಲ್ಲಮ್ಮಿ ಸೂರ್ಯಕಾಂತಿಯ. ಅಲ್ಯಾರೂ ವಡ್ದಾಡ್ನಿಲ್ವಲ್ಲ?”

“ಅದು ಸಾಕಾಗಲ್ಲ ಅಜ್ಜಿ. ಹೊರಗಿಂದ ತರಿಸ್ತಾರೆ.”

“ಅವ್ರಿಗ್ಯಾಕಂತೆ ಜಗಳ?”

“ಗಡಿ ವಿಚಾರ.”

“ಗದ್ದೆ ಬದೀನ್ ಜಗಳ ಅನ್ನು. ಅಂಗಾರೆ ಬ್ಯಾಗ ನಿಲ್ಲಾಕಿಲ್ಲ ಬುಡು.”

ಆ ಯುದ್ಧ ಬೇಗ ನಿಲ್ಲಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಲೋಕದ ವಿಷಯದಲ್ಲಿ ಅಜ್ಜಿಗೆ ಈ ಅಧಿಕಾರ ಬಂದದ್ದು ತವರಿನಿಂದ. ಆಕೆಯ ತವರು ನಂಜನಗೂಡು ತಾಲ್ಲೂಕಿನ ತಗಡೂರು, ಸ್ವಾತಂತ್ರ್ಯದ ಚಳವಳಿಯಲ್ಲಿ ಹೆಸರು ಮಾಡಿದ ಊರು. “ನಮ್ಮೂರೋರು ಜೈಲ್ ಕಂಡು ಬಂದೋರು” ಎಂದು ಆಕೆ ಎದೆಯುಬ್ಬಿಸಿ ಹೇಳುವಾಗ, ಯಾವ ಕೇಸಿನಲ್ಲಿ ಎಂದು ಕೇಳುವಷ್ಟು ಅಜ್ಞಾನ ನಮ್ಮ ಮನೆಯ ಮಗುವಿಗೂ ಇಲ್ಲ. ಸ್ವಾತಂತ್ರ್ಯ ಬಂದ ದಿನ ತಗಡೂರಿನಲ್ಲಿ ಬಾವುಟ ಏರಿಸಿದಾಗ ಅಜ್ಜಿ ಅಂಬೆಗಾಲಿಡುತ್ತ ಗುಂಪಿನ ನಡುವೆ ನುಗ್ಗಿ ಯಾರದೋ ಪಂಚೆ ಹಿಡಿದು ಎಳೆದಿದ್ದಳಂತೆ. ಆಕೆಯ ತಾಯಿ ಸಾಯುವವರೆಗೆ ಹೇಳುತ್ತಿದ್ದ ಮಾತು ಇದು. ಅಲ್ಲಿಂದ ಅಜ್ಜಿ ತನ್ನದೇ ಲೆಕ್ಕ ತೆಗೆದಿದ್ದಾಳೆ. ಆಗಸ್ಟಿನಲ್ಲಿ ಅಂಬೆಗಾಲು ಎಂದರೆ ಹುಟ್ಟಿದ್ದು ಹಿಂದಿನ ಅವರೆಕಾಯಿ ಕಾಲ. ಆದ್ದರಿಂದ ಆಕೆ ದೇಶಕ್ಕಿಂತ ದೊಡ್ಡವಳು. ಆಗಸ್ಟ್ ಹದಿನೈದರಂದು ಶಾಲೆಯ ಮಕ್ಕಳು ತಂದುಕೊಡುವ ಬೂಂದಿಯನ್ನು ಅಜ್ಜಿ, ತಂಗಿಯ ಮಗುವಿನ ನಾಮಕರಣಕ್ಕೆ ಬಂದವಳ ಗತ್ತಿನಲ್ಲಿ ತೆಗೆದುಕೊಳ್ಳುತ್ತಾಳೆ.

ಆಧಾರ್ ಕಾರ್ಡು ಮಾಡಿಸಲು ಹೋದಾಗ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ ಒಂದು ಎಂದು ಬರೆದುಬಿಟ್ಟರು. ಹೀಗಾಗಿ ನಮ್ಮೂರಿನ ಮುದುಕ ಮುದುಕಿಯರಲ್ಲಿ ಬಹುಪಾಲು ಒಂದೇ ದಿನ ಹುಟ್ಟಿದವರು. ಅಂದು ಊರಿನ ಸೂಲಗಿತ್ತಿಗೆ ಉಸಿರಾಡಲು ಬಿಡುವಿತ್ತೋ ಇಲ್ಲವೋ. ಆದರೆ ಅಜ್ಜಿಯ ವಿಷಯದಲ್ಲಿ ಅದು ಅವರೆಕಾಯಿ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ಸರ್ಕಾರ ಗೊತ್ತಿಲ್ಲದೆ ಸರಿಯಾಗಿ ಮಾಡಿದ ಕೆಲಸಗಳಲ್ಲಿ ಇದೂ ಒಂದು. ತನ್ನ ಹುಟ್ಟುಹಬ್ಬಕ್ಕೆ ಜಗತ್ತೆಲ್ಲ ಪಟಾಕಿ ಹೊಡೆಯುತ್ತದೆ ಎಂಬುದನ್ನು ಟಿವಿಯಲ್ಲಿ ನೋಡಿದ ಅಜ್ಜಿ, “ಅಷ್ಟೆಲ್ಲ ಯಾಕೆ ಖರ್ಚು ಮಾಡಾಕ್ ಓದ್ರು” ಎಂದಳು.

ನಮ್ಮ ಕಡೆ ಹುಟ್ಟುಹಬ್ಬದ ಮುಖ್ಯ ಅಂಗ ಕೇಕಲ್ಲ, ಫ್ಲೆಕ್ಸು. ನಂಜನಗೂಡಿನಿಂದ ಹೆಮ್ಮಿಗೆಯವರೆಗೆ ಒಂದು ಸರ್ಕಲ್ಲೂ ಬರಿದಾಗಿರುವುದಿಲ್ಲ. ಮೇಲೆ ಹುಟ್ಟಿದವನ ಮುಖ, ಮೀಸೆ, ಕೂಲಿಂಗ್ ಗ್ಲಾಸು. ಪಕ್ಕದಲ್ಲಿ ಒಂದು ಸಿಂಹ. ಹಿಂದೆ ಬೆಂಕಿ. ಕೆಳಗೆ ಶುಭ ಕೋರುವವರ ಮುಖಗಳ ಸಾಲು, ಅರ್ಧಕ್ಕರ್ಧ ಜನ ಕಿವಿಗೆ ಫೋನು ಹಿಡಿದವರು. ಹುಟ್ಟಿದವನು ಒಬ್ಬ, ಹೊಣೆಗಾರರು ಇಪ್ಪತ್ತು ಮಂದಿ. ಫ್ಲೆಕ್ಸ್ ಕಟ್ಟುವುದನ್ನು ನಿಷೇಧಿಸಲಾಗಿದೆ ಎಂಬ ಎಚ್ಚರಿಕೆಯನ್ನು ಕೂಡ ನಾನು ಒಂದು ಫ್ಲೆಕ್ಸಿನಲ್ಲೇ ಓದಿದ್ದೇನೆ. ನನ್ನ ಸಾಂಸ್ಕೃತಿಕ ಮನಸ್ಸಿಗೆ ಇವು ಯಾವತ್ತೂ ಹಿಡಿಸಿಲ್ಲ. ಅಜ್ಜಿಗೆ ಹಿಡಿಸುತ್ತವೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದನ್ನೂ ಬಿಡದೆ ನೋಡುತ್ತಾಳೆ.

ಹೋದ ದಸರಾ ಮುಗಿದ ಮೇಲೆ ಆಕೆಯನ್ನು ಕಣ್ಣು ತೋರಿಸಲು ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಕಣ್ಣಿಗೆ ಹಿಂದೆಯೇ ಆಪರೇಷನ್ ಆಗಿತ್ತು. ಇನ್ನೊಂದರಲ್ಲಿ ಪೊರೆ ಬಲಿತಿದೆ, ಇನ್ನು ತಡಮಾಡಬೇಡಿ ಎಂದರು ಡಾಕ್ಟರು. ವಾಪಸು ಬಂದು ನಮ್ಮೂರ ಸ್ಟಾಪಿನಲ್ಲಿ ಇಳಿದಾಗ ಅಲ್ಲೊಂದು ಹೊಸ ಫ್ಲೆಕ್ಸು ಕಟ್ಟಿತ್ತು.

“ಅದ್ಯಾರಮ್ಮಿ?”

“ಪಕ್ಕದೂರಿನ ಯಜಮಾನ್ರು ಅಜ್ಜಿ. ತೀರ್ಕೊಂಡ್ರಂತೆ.”

ಅಜ್ಜಿ ಬಿಸಿಲಿಗೆ ಕೈ ಮರೆ ಮಾಡಿಕೊಂಡು ಒಳ್ಳೆಯ ಕಣ್ಣಲ್ಲಿ ಸ್ವಲ್ಪ ಹೊತ್ತು ನೋಡಿದಳು. “ಚೆಂದಾಗ್ ಬಂದವ್ರೆ. ಪಾಪ, ಅವ್ರು ನೋಡ್ನಿಲ್ವಲ್ಲ.”

ಮನೆಯ ಕಡೆ ನಡೆಯತೊಡಗಿದ ಮೇಲೆ ನಿಧಾನವಾಗಿ ಶುರು ಮಾಡಿದಳು. “ನಾನು ಸತ್ ಮ್ಯಾಲೆ ನೀವೂ ಆಕುಸ್ತೀರಿ. ಆಗ ನಾನೇನ್ ಎದ್ಬಂದು ನೋಡಾಕಾದದಾ? ಆಕುಸೋದಾದ್ರೆ ಈಗ್ಲೇ ಒಂದ್ ಆಕುಸ್ಬುಡಿ ಕಣಮ್ಮಿ. ಕಣ್ ಕಾಣೋವಾಗ್ಲೇ ನಾನೂ ನೋಡ್ಕಬೇಕು.”

ನಾನು ನಿಂತುಬಿಟ್ಟೆ. ಅಜ್ಜಿ ನನ್ನ ನೆನಪಿನಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಗದ್ದೆ, ಹಸು, ಮೂರು ಮಕ್ಕಳು, ಬೇಗ ಹೋದ ಗಂಡ, ಇವುಗಳ ನಡುವೆ ಕೇಳುವುದಕ್ಕೆ ಆಕೆಗೆ ಪುರುಸೊತ್ತೂ ಇರಲಿಲ್ಲ. ಕೊನೆಗೂ ಬಾಯಿಬಿಟ್ಟು ಕೇಳಿದ್ದು ಇದೊಂದು. ಜನವರಿ ಒಂದಕ್ಕೆ ನಿನ್ನ ಫ್ಲೆಕ್ಸು ನೀನೇ ನೋಡುತ್ತೀಯ ಎಂದು ನಡು ಬೀದಿಯಲ್ಲಿ ಕೈ ಮುಟ್ಟಿ ಮಾತು ಕೊಟ್ಟೆ.

ಫೋಟೋ ನಾನೇ ತೆಗೆದೆ. ಅಜ್ಜಿ ನೀಲಿ ಸೀರೆ ಉಟ್ಟು, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು, ನ್ಯಾಯಾಧೀಶರ ಮುಂದೆ ಸಾಕ್ಷಿ ಹೇಳಲು ನಿಂತವಳಂತೆ ನಿಂತಳು. ನಗು ಎಂದರೆ, “ಪೋಟಾದಲ್ಲಿ ಅಲ್ ಬುಟ್ಕಂಡ್ ನಿಂತ್ಕಳಾಕೆ ನಾನೇನ್ ಎಳೇ ಕೂಸಾ?” ಎಂದಳು. ಅದನ್ನು ಹಿಡಿದು ನರಸೀಪುರದ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ಕಂಪ್ಯೂಟರಿನ ಮುಂದೆ ಕೂತು ಕೈಯಾಡಿಸುತ್ತಲೇ ವಿಚಾರಣೆ ನಡೆಸಿದ.

“ಸಿಂಹ ಆಕ್ಲಾ ಮೇಡಂ?”

“ನಮ್ಮಜ್ಜಿ ಪಕ್ಕ ಸಿಂಹ ಯಾಕ್ರೀ?”

“ಲೇಡೀಸ್‌ಗೆ ನವಿಲೂ ಅದೆ.”

“ಬೇಡ.”

“ಬೆಂಕಿ?”

“ಬೇಡ.”

“ಬಲೂನಾದ್ರೂ ಬುಡ್ಲಾ? ಒಂದೆರಡು?”

“ಇದು ದೊಡ್ಡವರ ಹುಟ್ಟುಹಬ್ಬ ಕಣ್ರೀ. ಘನತೆಯಾಗಿರ್ಬೇಕು.”

“ಕೆಳಗಡೆಗೆ ಎಷ್ಟ್ ಪೋಟೋ ಬತ್ತವೆ?”

“ಒಂದೂ ಇಲ್ಲ. ಅಜ್ಜಿ ಒಬ್ರೇ.”

ಆತ ಆಗ ಮೊದಲ ಸಲ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. “ಒಬ್ರೇನಾ? ಬಣಬಣ ಅಂತದೆ ಮೇಡಂ.”

“ಅದಕ್ಕೇ ಗಾಂಭೀರ್ಯ ಅನ್ನೋದು” ಎಂದೆ.

ಆತ ಮತ್ತೆ ವಾದಿಸಲಿಲ್ಲ. ಫ್ಲೆಕ್ಸು ನಾನು ಬಯಸಿದ ಹಾಗೆಯೇ ಬಂತು. ಬಿಳಿಯ ಹಿನ್ನೆಲೆ, ಅಲ್ಲಲ್ಲಿ ತಿಳಿನೀಲಿ ಮೋಡ, ಎರಡೂ ಬದಿಗೆ ಉರಿಯುವ ಹಿತ್ತಾಳೆಯ ದೀಪ, ನಡುವೆ ಗಂಭೀರವಾಗಿ ಅಜ್ಜಿ. ಕೆಳಗೆ ಕಣ್ಣಿಗೆ ಹೊಡೆಯದಂಥ ಸಣ್ಣ ಅಕ್ಷರದಲ್ಲಿ ಹುಟ್ಟುಹಬ್ಬದ ಶುಭಾಶಯ. ಕನ್ನಡ ನಾಡಿನ ಅಭಿರುಚಿಯನ್ನು ಒಂಟಿ ಕೈಯಲ್ಲಿ ಎತ್ತಿ ನಿಲ್ಲಿಸಿದ ತೃಪ್ತಿಯಲ್ಲಿ ಅದನ್ನು ಸುತ್ತಿಕೊಂಡು ಬಸ್ಸು ಹತ್ತಿದೆ.

ಡಿಸೆಂಬರಿನ ಕೊನೆಯ ದಿನ ಹೊತ್ತು ಮುಳುಗುವಾಗ ನನ್ನ ಅಪ್ಪನೂ ಚಿಕ್ಕಪ್ಪನ ಮಗನೂ ಸೇರಿ ಅದನ್ನು ಬಸ್ ಸ್ಟಾಪಿನಿಂದ ತುಸು ಮುಂದೆ, ಲೈಟು ಕಂಬಕ್ಕೂ ಅರಳಿಮರಕ್ಕೂ ನಡುವೆ ಕಟ್ಟಿ ಬಂದರು. ಈಗಲೇ ಬಾ ಎಂದು ಕರೆದರೆ ಅಜ್ಜಿ ಒಪ್ಪಲಿಲ್ಲ. “ಸಂಜೆಗತ್ಲಲ್ಲಿ ಈ ಕಣ್ಗೇನ್ ಕಂಡದು? ನಾಳೀಕೆ ಎಣ್ಣೆ ನೀರು ಉಯ್ಕಂಡು, ತಲೆ ಬಾಚ್ಕಂಡು, ಬೆಳಕಲ್ಲಿ ನೋಡ್ತೀನಿ” ಎಂದಳು. ಹುಟ್ಟುಹಬ್ಬದ ದಿನ ಎಣ್ಣೆ ಸ್ನಾನವಾಗದೆ ಏನನ್ನೂ ನೋಡಬಾರದು ಎಂಬ ಶಾಸ್ತ್ರವನ್ನು ಆಕೆ ಅಲ್ಲೇ ಆ ಕ್ಷಣದಲ್ಲೇ ರಚಿಸಿದಳು. ನಾನು ಅನುಮೋದಿಸಿದೆ.

ಮಾರನೇ ಬೆಳಿಗ್ಗೆ ಹಿತ್ತಿಲಿನ ಬಚ್ಚಲ ಮುಂದೆ ಅಜ್ಜಿ ಮಣೆಯ ಮೇಲೆ ಕೂತಿದ್ದಳು. ಕೂದಲು ಬಿಚ್ಚಿಕೊಂಡು ತಲೆ ತುಂಬ ಹರಳೆಣ್ಣೆ. ನಾನು ತಿಕ್ಕುತ್ತಿದ್ದೆ. ಆಗ ಮೇಲಿನ ಬೀದಿಯ ಅಕ್ಕನೊಬ್ಬಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ರಾಗವೆತ್ತಿ ಅಳುತ್ತ ಒಳಗೆ ಬಂದು ನೇರವಾಗಿ ಅಜ್ಜಿಯ ಪಕ್ಕದಲ್ಲೇ ಕುಸಿದಳು.

“ಅಯ್ಯೋ ನಮ್ಮವ್ವಾ, ಬೀದಿಗೆ ನೆಳ್ಳಾಗಿದ್ದೋಳೇ, ಯೋಳ್ದೆ ಕೇಳ್ದೆ ಒಂಟೋದ್ಯಲ್ಲವ್ವಾ…”

ನಮ್ಮ ಕಡೆ ಅಳುತ್ತ ಬಂದವರನ್ನು ಯಾರು, ಯಾವಾಗ ಎಂದು ಮೊದಲೇ ಕೇಳುವುದು ಮರ್ಯಾದೆಯಲ್ಲ. ಮೊದಲು ಜೊತೆಗೂಡಿ ಅಳಬೇಕು, ವಿವರ ಆಮೇಲೆ. ಈ ಮರ್ಯಾದೆಯಲ್ಲಿ ಅಜ್ಜಿ ಯಾವತ್ತೂ ಹಿಂದೆ ಬಿದ್ದವಳಲ್ಲ. ಎಣ್ಣೆ ಸುರಿಯುವ ತಲೆಯಲ್ಲೇ ಅಕ್ಕನ ಕೊರಳಿಗೆ ಕೈ ಹಾಕಿ ತಾನೂ ದನಿ ಕೂಡಿಸಿದಳು.

“ಅಯ್ಯೋ, ಎಂಥಾ ಜೀವ ಕಣವ್ವಾ, ಇರುವೆಗೂ ನೋವ್ ಮಾಡ್ದೋಳಲ್ಲ…”

“ಉಂಡ್ರಾ ಅಂತ ಕೇಳ್ದೆ ಕಳುಸ್ತಿರ್ನಿಲ್ಲ ಕಣವ್ವಾ…”

“ಕೊಡುಗೈ ಕಣವ್ವಾ, ಕೊಡುಗೈ…”

ಇಬ್ಬರೂ ಒಂದು ಸುತ್ತು ಚೆನ್ನಾಗಿ ಅತ್ತರು. ನಾನು ಎಣ್ಣೆ ಬಟ್ಟಲು ಹಿಡಿದು ನಿಂತೇ ಇದ್ದೆ. ಕೊನೆಗೆ ಅಜ್ಜಿ ಮೂಗು ಒರೆಸಿಕೊಂಡು ಮೆಲ್ಲಗೆ ವಿಚಾರಿಸಿದಳು. “ಅಲ್ಲ ಕಣವ್ವ, ಓದೋರ್ ಯಾರು?”

ಅಕ್ಕ ಸೆರಗು ಸರಿಸಿ ನೋಡಿದಳು. ಬಾಯಿ ತೆರೆದದ್ದು ಹಾಗೇ ಉಳಿಯಿತು. “ನೀನೇ ಕಣಜ್ಜಿ!”

“ನಾನಾ?” ಅಜ್ಜಿ ಒಂದು ಗಳಿಗೆ ನಿಜವಾಗಿಯೂ ಪರಿಶೀಲಿಸಿದಳು. “ನಂಗ್ಯಾರೂ ಯೋಳ್ನೇ ಇಲ್ವಲ್ಲ?”

ಆಗ ಹಾಲಿನ ಕ್ಯಾನು ಹಿಡಿದುಕೊಂಡು ದೊಡ್ಡಪ್ಪ ಬಂದರು. ದೊಡ್ಡಪ್ಪ ಅಜ್ಜಿಯ ಹಿರಿಯ ಮಗ, ಪಕ್ಕದ ಮನೆಯಲ್ಲೇ ಇರುವವರು. ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿದ್ದವರೆಲ್ಲ ಮಾತು ನಿಲ್ಲಿಸಿ, ಹೆಗಲ ಮೇಲಿನ ಟವೆಲು ಇಳಿಸಿ, ಅವರಿಗೆ ಸಾಲು ಬಿಟ್ಟುಕೊಟ್ಟರಂತೆ. ಒಬ್ಬರು ಹತ್ತಿರ ಬಂದು, “ಎಷ್ಟೊತ್ಗೆ ಎತ್ತೀರಿ?” ಎಂದರಂತೆ. ದೊಡ್ಡಪ್ಪ ಹಾಲಿನ ಕ್ಯಾನು ಎತ್ತುವುದು ಎಂದುಕೊಂಡು, “ಇಗೋ, ಈಗ್ಲೇಯ” ಎಂದರಂತೆ.

ವಿಷಯ ಬಿಡಿಸಿಕೊಳ್ಳಲು ಹೊತ್ತು ಹಿಡಿಯಲಿಲ್ಲ. ಬಿಳಿ ಬಣ್ಣ, ಮೋಡ, ದೀಪ, ನಗದ ಮುದುಕಿ, ಕೆ‌ಳಗೆ ಶುಭ ಕೋರುವವನೊಬ್ಬನೂ ಇಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಒಂದೇ ಅರ್ಥ. ಅಕ್ಷರ ಓದುವ ಗೋಜಿಗೆ ಯಾರು ಹೋಗುತ್ತಾರೆ? ಯಾರೋ ಒಬ್ಬರು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಕೈಮುಗಿಯುವ ಚಿತ್ರ ಸೇರಿಸಿದ್ದರು. ಅದು ನರಸೀಪುರ ದಾಟಿ ನಂಜನಗೂಡಿಗೂ ತಲುಪಿತ್ತು. ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ನನ್ನ ಆಫೀಸಿನಿಂದಲೂ ಒಂದು ಸಂದೇಶ ಬಂತು: ‘ಧೈರ್ಯ ತಂದುಕೊಳ್ಳಿ ಹಿರಿಯರೇ.’

ದೊಡ್ಡಪ್ಪನಿಗೆ ಕೋಪಕ್ಕಿಂತ ಭಯ ಹೆಚ್ಚಾಗಿತ್ತು. “ಬದುಕಿರೋರ್ನ ಅಂಗೆ ನೇತಾಕಿದ್ರೆ ಆಯಸ್ಸು ನಿಂತದಾ? ಊರೋರೆಲ್ಲ ಸತ್ಲು ಅಂದ್ರೆ ಯಮಂಗೆ ಕೇಳ್ಸಾಕಿಲ್ವಾ?” ಎಂದು ಚಿಕ್ಕಪ್ಪನ ಮಗನ ಕಡೆ ತಿರುಗಿದರು. “ಲೇ, ಕುಡ್ಲು ತಕ್ಕಂಡ್ ಓಗಿ ಹಗ್ಗ ಕುಯ್ದಾಕ್ಲಾ. ಮಡ್ಚಿ ತಿಪ್ಪೆಗ್ ಬಿಸಾಕು.” ಆತ ಹಿಂದು ಮುಂದು ನೋಡದೆ ಓಡಿದ.

“ನಾನಿನ್ನೂ ನೋಡಿಲ್ಲ ಕಣ್ಲಾ” ಎಂದಳು ಅಜ್ಜಿ.

“ನೋಡದೇ ಬ್ಯಾಡ ಕಣವ್ವ.”

“ಯಾಕ್ ಬ್ಯಾಡ? ನಿಮ್ಮಪ್ಪಂಗೆ ಯಾವ್ ಪ್ಲೆಕ್ಸ್ ಆಕಿದ್ರು? ಓಗ್ನಿಲ್ವಾ ಅಂವ?”

ದೊಡ್ಡಪ್ಪ ಹಾಲಿನ ಕ್ಯಾನು ಕೆಳಗಿಟ್ಟರು. ಕಣ್ಣು ತುಂಬಿಕೊಂಡಿತ್ತು. ಅಪ್ಪ ನನ್ನ ಮುಖ ನೋಡಿದರು, ನಾನು ಎಣ್ಣೆ ಬಟ್ಟಲಿನ ಮುಖ ನೋಡಿದೆ. ನಾನು ಕೊಟ್ಟ ಮಾತು ಆ ಹೊತ್ತಿಗೆ ಅರಳಿಮರದ ಹತ್ತಿರ ಕುಡುಗೋಲಿನ ಬಾಯಿಗೆ ಸಿಕ್ಕಿತ್ತು. ತಲೆಗೆ ನೀರು ಹುಯ್ಯದೆ ಅಜ್ಜಿ ಬೀದಿಗೆ ಇಳಿಯುವಂತಿಲ್ಲ, ಹುಯ್ಯುವಷ್ಟರಲ್ಲಿ ಫ್ಲೆಕ್ಸು ಉಳಿಯುವಂತಿಲ್ಲ. ಜೀವಮಾನದಲ್ಲಿ ಅಷ್ಟು ವೇಗವಾಗಿ ನಾನು ಯಾರಿಗೂ ನೀರು ಹುಯ್ದಿಲ್ಲ. “ಕಣ್ಗೆ ಸೀಗೆ ಓಯ್ತು ಕಣಮ್ಮಿ, ಇರೋದೊಂದ್ ಕಣ್ಣು!” ಎಂದು ಅಜ್ಜಿ ಕೂಗುತ್ತಲೇ ಇದ್ದಳು.

ಆಕೆ ತಲೆಗೆ ಬಟ್ಟೆ ಸುತ್ತಿಕೊಂಡು ಪಡಸಾಲೆಗೆ ಬರುವಾಗ ಬಾಗಿಲಿಗೆ ಒಂದು ಮಾರುತಿ ವ್ಯಾನು ಬಂದು ನಿಂತಿತು. ತಗಡೂರಿನಿಂದ ಅಜ್ಜಿಯ ತಮ್ಮ, ನನಗೆ ತಾತ, ಜೊತೆಗೆ ಅವರ ಇಬ್ಬರು ಗಂಡುಮಕ್ಕಳು. ತಾತ ಕಂಕುಳಲ್ಲಿ ಒಂದು ಕವರು ಇಟ್ಟುಕೊಂಡು, ಕಂಬ ಹಿಡಿದು, “ಅಕ್ಕಾ…” ಎಂದು ದನಿ ಎತ್ತಿದವರು ಎದುರಿಗೇ ಅಕ್ಕನನ್ನು ಕಂಡು ಅಲ್ಲೇ ನಿಂತರು. ದುಃಖ ಹೋಗಿ ಕೋಪ ಬರುವುದಕ್ಕೆ ಒಂದು ನಿಮಿಷ ಹಿಡಿಯಿತು.

“ಬದುಕಿದ್ದೀಯಾ?”

“ಯಾಕ್ಲಾ, ಬ್ಯಾಡ್ವಾ?”

“ಮೂರ್ ಸಲ ಸತ್ತು ಬದುಕ್ದೆ ಕಣಕ್ಕ ನಾನು, ದಾರಿ ಉದ್ದಕ್ಕೂವೆ!”

“ಅದೇನ್ಲಾ ಅದು, ಕಂಕ್ಳಲ್ಲಿ?”

ತಾತ ಕವರನ್ನು ಬೆನ್ನ ಹಿಂದೆ ಸರಿಸಿದರು. ಹೆಣ್ಣುಮಗಳು ತೀರಿಕೊಂಡರೆ ತವರಿನಿಂದ ಕೊನೆಯ ಸೀರೆ ಬರಬೇಕು, ಅದನ್ನು ಹೊದಿಸದೆ ಎತ್ತುವಂತಿಲ್ಲ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಕ್ಕ ಹೋದಳು ಎಂದು ಕೇಳಿ, ನಸುಕಿನಲ್ಲೇ ನಂಜನಗೂಡಿನಲ್ಲಿ ಪರಿಚಯದವರ ಅಂಗಡಿ ಬಾಗಿಲು ತೆಗೆಸಿ, ಅವರು ಒಂದು ಸೀರೆ ಹಿಡಿದು ಬಂದಿದ್ದರು. ಅಜ್ಜಿ ಕೈ ಚಾಚಿದಳು. ಅವರು ಕೊಡಲಿಲ್ಲ. ಅಜ್ಜಿ ಕೈ ಇಳಿಸಲೂ ಇಲ್ಲ. ಕೊನೆಗೆ ಕವರು ಕೈ ಬದಲಾಯಿತು.

ಹಸಿರು ಸೀರೆ, ಅಂಗೈ ಅಗಲದ ಕೆಂಪು ಅಂಚು. ಅಜ್ಜಿ ಒಂದು ಮಡಿಕೆ ಬಿಡಿಸಿ ಬೆರಳ ನಡುವೆ ಅಂಚು ತಿಕ್ಕಿ ನೋಡಿದಳು. “ಬದುಕಿದ್ದಾಗ ಇಂಥದ್ ಯಾವತ್ಲಾ ಕೊಟ್ಟಿದ್ದೆ?”

“ಅದ್ನ ಉಡಂಗಿಲ್ಲ ಕಣಕ್ಕ. ಅದು… ಅದ್ಕೆ ತಂದಿದ್ದು.”

“ತವ್ರಿನ್ ಸೀರೆ ಯಾವುದಾದ್ರೇನು? ನಂಗ್ ತಾನೆ ತಂದದ್ದು? ಆವತ್ತು ಉಡ್ಸುದ್ರೆ ಅಂಚು ನಾನ್ ನೋಡ್ತೀನಾ?”

ದೊಡ್ಡಪ್ಪ “ಅವ್ವಾ” ಎಂದು ಒಂದು ಹೆಜ್ಜೆ ಮುಂದೆ ಬಂದರು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ತೆಗೆದಾಗ ಆ ಸೀರೆ ಆಕೆಯ ಮೈಮೇಲಿತ್ತು, ನೆರಿಗೆ ಸರಿಯಾಗಿ ಬಿದ್ದಿತ್ತು. ಸಾವಿಗೆ ತಂದ ಸೀರೆಯನ್ನು ಹುಟ್ಟುಹಬ್ಬಕ್ಕೆ ಉಟ್ಟವರು ನಮ್ಮ ಹೋಬಳಿಯಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿದಿಲ್ಲ. ಸಂಸ್ಕೃತಿಯ ಬಗ್ಗೆ ಆಫೀಸಿನಲ್ಲಿ ನಾನು ಕೊಟ್ಟ ಉಪನ್ಯಾಸಗಳೆಲ್ಲ ಅಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಹೆಮ್ಮೆಯಿಂದ ಹೋಗಿ ಅಜ್ಜಿಯ ಕೈ ಹಿಡಿದೆ.

“ನಡೀರಿ” ಎಂದಳು. ನಡೆದೆವು. ಮುಂದೆ ಅಜ್ಜಿ, ಕೈ ಹಿಡಿದು ನಾನು, ಹಿಂದೆ ತಗಡೂರಿನವರು, ಅಪ್ಪ, ಇನ್ನೂ ಬಿಕ್ಕುವುದು ನಿಲ್ಲದ ಮೇಲಿನ ಬೀದಿಯ ಅಕ್ಕ, ಎಲ್ಲರಿಗಿಂತ ಹಿಂದೆ ದೊಡ್ಡಪ್ಪ. ದಾರಿಯಲ್ಲಿ ಬಾಗಿಲಿಗೆ ಬಂದವರಿಗೆ ಅಜ್ಜಿ, “ಇನ್ನೂ ಇಲ್ಲ ಕಣ್ರವ್ವ, ಓಗಿ ಕೆಲ್ಸ ನೋಡ್ಕಳಿ” ಎಂದು ಹೇಳುತ್ತ ಸಾಗಿದಳು.

ಅರಳಿಮರದ ಹತ್ತಿರ ಬಂದಾಗ ಫ್ಲೆಕ್ಸಿನ ಒಂದು ಕಡೆಯ ಹಗ್ಗ ಕುಯ್ದಾಗಿತ್ತು. ಅಜ್ಜಿಯ ಮುಖ ಅರ್ಧ ಮಡಚಿಕೊಂಡು ನೇತಾಡುತ್ತಿತ್ತು. ಸಂತಾಪ ಹೇಳಲು ನಿಂತವರ ನಡುವೆ ಸಿಕ್ಕಿ ತಡವಾಗಿದ್ದ ಚಿಕ್ಕಪ್ಪನ ಮಗ ಇನ್ನೊಂದು ಕಡೆಗೆ ಕುಡುಗೋಲು ಎತ್ತಿದವನು ಹಸಿರು ಸೀರೆಯನ್ನು ಕಂಡು ಕೈ ಇಳಿಸಿದ. ಅಜ್ಜಿ ತಿರುಗಿ ಹಿರಿಯ ಮಗನನ್ನು ನೋಡಿದಳು, ಅಷ್ಟೆ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಕಟ್ಟೆ ಹತ್ತಿ, ಕುಯ್ದ ಹಗ್ಗವನ್ನು ಗಂಟು ಹಾಕಿ, ಕೊಂಬೆಗೆ ಎಳೆದು ಬಿಗಿದರು. ಅಪ್ಪ ಕಟ್ಟಿದ್ದಕ್ಕಿಂತ ಬಿಗಿಯಾಗಿ ಬಿಗಿದರು. ಸೊಟ್ಟಗಾಗಿದೆಯೋ ಎಂದು ಇಳಿದು ಬಂದು ನೋಡಿ, ಮತ್ತೆ ಹತ್ತಿ ಸರಿ ಮಾಡಿದರು.

ಅಜ್ಜಿ ಎಳೆಬಿಸಿಲಿಗೆ ಕೈ ಮರೆ ಮಾಡಿಕೊಂಡು ಒಂದೇ ಕಣ್ಣಲ್ಲಿ ನೋಡಿದಳು. ಗೋಡೆಯ ಮೇಲಿನ ಪುಟ್ಟ ಕನ್ನಡಿ ಬಿಟ್ಟರೆ ತನ್ನ ಮುಖವನ್ನು ಆಕೆ ಬೇರೆಲ್ಲೂ ಹೀಗೆ ನಿಂತು ನೋಡಿದವಳಲ್ಲ.

“ಬಾಯಿಲ್ಲಿ” ಎಂದು ತಮ್ಮನನ್ನು ಕರೆದಳು. “ಮೂಗ್ ನೋಡ್ಲಾ. ನಮ್ಮಪ್ಪಂದೇ.”

ತಾತ ನೋಡಿದರು. “ಊಂ ಕಣಕ್ಕ” ಎಂದರು. ಆ ದಿನ ಅವರು ನಿಜವಾಗಿ ಅತ್ತದ್ದು ಆಗ.

ಇಷ್ಟಕ್ಕೆ ಮನೆಗೆ ಹೋಗಿ ಒಬ್ಬಟ್ಟು ತಟ್ಟಬಹುದಿತ್ತು. ಆದರೆ ನರಸೀಪುರದ ಬಸ್ಸು ಬಂತು. ಅಜ್ಜಿ ನನ್ನ ಕೈ ಜಗ್ಗಿದಳು. ಬಸ್ಸಲ್ಲಿ ಹೋಗುವವರಿಗೆ ಹೇಗೆ ಕಾಣುತ್ತದೆ ಎಂದು ನೋಡಬೇಕಂತೆ. ಸ್ಟಾಪಿಗೆ ಹಿಂದಿರುಗಿ ಹತ್ತಿದೆವು. ಕಂಡಕ್ಟರು ಎಲ್ಲಿಗೆ ಎಂದರೆ, “ಎಲ್ಗೂ ಇಲ್ಲ, ಮುಂದ್ಲು ಸ್ಟಾಪ್‌ಗಂಟ” ಎಂದಳು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲದ ಕಾಲವಾದ್ದರಿಂದ ಆತನೂ ಹೆಚ್ಚು ವಿಚಾರಿಸಲಿಲ್ಲ. ಕಿಟಕಿಯ ಪಕ್ಕ ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದ ನಡುವಯಸ್ಸಿನ ಹೆಂಗಸೊಬ್ಬಳು, ವಯಸ್ಸಾದವರೆಂದು ಅಜ್ಜಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟಳು.

ಬಸ್ಸು ಹೊರಟಿತು. ಮರ ಬಂತು, ಕಂಬ ಬಂತು, ನಡುವೆ ಅಜ್ಜಿ. ಕೆಳಗೆ ನಿಂತ ಅಪ್ಪ, ದೊಡ್ಡಪ್ಪ, ತಗಡೂರಿನವರು ಎಲ್ಲರೂ ತಲೆಯೆತ್ತಿ ಬಸ್ಸನ್ನೇ ನೋಡುತ್ತಿದ್ದರು. ಅಜ್ಜಿ ಕಂಬಿ ಹಿಡಿದು, ಕುತ್ತಿಗೆ ತಿರುಗಿಸಿ, ಕಾಣುವಷ್ಟು ದೂರವೂ ನೋಡಿದಳು.

ಸೊಪ್ಪಿನ ಹೆಂಗಸು ನಿಟ್ಟುಸಿರು ಬಿಟ್ಟಳು. “ಪಾಪ, ಯಾರೋ. ಒಳ್ಳೆ ಎಂಗ್ಸು ಅಂತ ಮಕದಲ್ಲೇ ಗೊತ್ತಾಯ್ತದೆ. ನಿಮ್ಗೆ ಗುರ್ತಾ?”

ಅಜ್ಜಿ ಹೊಸ ಸೀರೆಯ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

“ಗುರ್ತಿಲ್ದೆ ಏನು. ತಗಡೂರೋಳು. ಒಳ್ಳೇವ್ಳೇ ಕಣವ್ವ, ವಸಿ ಬಾಯಿ ಜಾಸ್ತಿ.”